ಸಾಹೇಬರ ರಜೆಯ ಪ್ಲಾನು

ಇಸವಿ 1885 ಅಂತ ಇಟ್ಟುಕೊಳ್ಳಿ. ಮದ್ರಾಸಿನ ಸೆಕೆಯಲ್ಲಿ ಬೆವರೊರೆಸಿಕೊಳ್ಳುತ್ತಾ ಫೈಲು ನೋಡುತ್ತಿರುವ ಇಂಗ್ಲಿಷ್ ಅಧಿಕಾರಿಯೊಬ್ಬನಿಗೆ ಎರಡು ತಿಂಗಳ ರಜೆ ಮಂಜೂರಾಗಿದೆ. ಇಂಥವರು ಆಗ ನೂರಾರು ಜನ ಇದ್ದರು. ಅವರಲ್ಲೊಬ್ಬನನ್ನು ನಾನಿಲ್ಲಿ ಕಲ್ಪಿಸಿಕೊಳ್ಳುತ್ತಿದ್ದೇನೆ, ಅಷ್ಟೆ. ಹೆಸರು ಬೇಡ, ಸಾಹೇಬರು ಅಂದರೆ ಸಾಕು. ಸಾಹೇಬರಿಗೆ ಬೆಟ್ಟಕ್ಕೆ ಹೋಗಬೇಕು. ಒಂದು ಒಳ್ಳೆ ಗಂಡು ಕಾಟಿ, ಅದೃಷ್ಟ ಇದ್ದರೆ ನೀಲಗಿರಿಯ ಬಂಡೆಗಳ ಮೇಲೆ ಓಡಾಡುವ ಕಾಡಾಡು, ವಾಪಸ್ ಬರುವಾಗ ಯಾವುದಾದರೂ ಹೊಳೆಯಲ್ಲಿ ದೊಡ್ಡದೊಂದು ಮೀನು. ಮಿಕ್ಕ ದಿನ ಟೆಂಟಿನ ಮುಂದೆ ಕುರ್ಚಿ ಹಾಕಿಕೊಂಡು ಸುಮ್ಮನೆ ಕಾಡು ನೋಡುವುದು.

ಸರಿ, ಹೊರಡೋದಕ್ಕೆ ಮುಂಚೆ ಅವರು ಏನೇನು ವಿಚಾರಿಸಬೇಕು? ಯಾವ ತಿಂಗಳು ಯಾವುದು ತೆರೆದಿರುತ್ತೆ, ಯಾವುದು ಮುಚ್ಚಿರುತ್ತೆ. ಪರವಾನಗಿ ಎಲ್ಲಿ ಸಿಗುತ್ತೆ. ಕಾಡಿನ ಬಂಗಲೆ ಖಾಲಿ ಇದೆಯಾ, ಯಾರಿಗೆ ಪತ್ರ ಬರೆಯಬೇಕು. ಜೊತೆಗೆ ಬರಲು ಕಾಡು ಬಲ್ಲ ಆಳು ಯಾರು, ಅವನಿಗೆ ದಿನಕ್ಕೆ ಎಷ್ಟು ಕೊಡಬೇಕು.

ಕಬಿನಿಗೋ ಬಿಳಿಗಿರಿಗೋ ಲಾಂಗ್ ವೀಕೆಂಡ್ ಪ್ಲಾನ್ ಮಾಡಿದವರಿಗೆ ಈ ಪಟ್ಟಿ ಎಲ್ಲೋ ನೋಡಿದ ಹಾಗಿದೆ ಅನ್ನಿಸಬೇಕು. ಕೋವಿ ಇದ್ದ ಜಾಗದಲ್ಲಿ ಕ್ಯಾಮೆರಾ ಬಂದಿದೆ, ಪತ್ರ ಇದ್ದ ಜಾಗದಲ್ಲಿ ಆನ್‌ಲೈನ್ ಬುಕ್ಕಿಂಗ್ ಬಂದಿದೆ. ಉಳಿದಿದ್ದು ಹೆಚ್ಚುಕಡಿಮೆ ಹಾಗೇ ಇದೆ. ನಮ್ಮ ಈ ಪ್ಲಾನು ಆಕಾಶದಿಂದ ಬಿದ್ದಿದ್ದಲ್ಲ. ಅದನ್ನು ಬೇಟೆಗಾರರು ಬರೆದರು, ತಮಗಾಗಿ ಬರೆದುಕೊಂಡರು. ಬರೆಯುವಾಗ ಕೆಲವರನ್ನು ಒಳಗೆ ಸೇರಿಸಿದರು, ಕೆಲವರನ್ನು ಹೊರಗಿಟ್ಟರು. ಆ ಕಥೆ ನಮ್ಮ ಸುತ್ತಮುತ್ತಲ ಬೆಟ್ಟಗಳದ್ದೇ.

ಮೊದಲು ದಾರಿ ನೋಡೋಣ. ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲಿವನ್ 1819ರಲ್ಲಿ ನೀಲಗಿರಿ ಹತ್ತಿದ. ಅಲ್ಲಿನ ಚಳಿ ನೋಡಿ ಅವನಿಗೆ ಊರಿನ ನೆನಪಾಯಿತು. ಐವತ್ತು ವರ್ಷದೊಳಗೆ ಊಟಿ ಎಷ್ಟು ಇಂಗ್ಲಿಷ್ ಆಗಿಬಿಟ್ಟಿತ್ತು ಅಂದರೆ, 1870ರಿಂದ ಮದ್ರಾಸ್ ಸರ್ಕಾರವೇ ಬೇಸಿಗೆಗೆ ಗಂಟುಮೂಟೆ ಕಟ್ಟಿಕೊಂಡು ಅಲ್ಲಿಗೆ ಹೋಗತೊಡಗಿತು. 1873ಕ್ಕೆ ಮೇಟ್ಟುಪಾಳ್ಯಂವರೆಗೆ ರೈಲು ಬಂತು. ಅಲ್ಲಿಂದ ಮೇಲಕ್ಕೆ ಟಾಂಗಾ. ನಾವು ಸೆಲ್ಫಿ ತೆಗೆದುಕೊಳ್ಳುವ ಪುಟ್ಟ ರೈಲು ಕೂನೂರು ತಲುಪಿದ್ದು 1899ರಲ್ಲಿ, ಊಟಿಗೆ ಬಂದಿದ್ದು 1908ರಲ್ಲಿ. ಊಟಿಯ ಇಂಗ್ಲಿಷರು ಇಂಗ್ಲೆಂಡಿನ ಹಾಗೆ ಕೆಂಪು ಕೋಟು ಹಾಕಿ ಕುದುರೆ ಹತ್ತಿ, ನಾಯಿಗಳ ಹಿಂಡು ಬಿಟ್ಟು ಬೇಟೆಯಾಡುತ್ತಿದ್ದರು. ಇಂಗ್ಲೆಂಡಿನಲ್ಲಿ ಓಡಿಸೋದು ಕೆಂಪು ನರಿಯನ್ನು, ಇಲ್ಲಿ ಅದರ ಪಾತ್ರ ಗುಳ್ಳೆನರಿಗೆ ಸಿಕ್ಕಿತು. ಅದಕ್ಕೆ ಯಾರೂ ಆಡಿಷನ್ ಮಾಡಿರಲಿಲ್ಲ ಬಿಡಿ.

ಇಷ್ಟು ಸುಲಭವಾಗಿ ಇಷ್ಟೊಂದು ಬಂದೂಕುಗಳು ಬೆಟ್ಟ ಹತ್ತಿದರೆ ಏನಾಗುತ್ತೆ? ಪ್ರಾಣಿ ಖಾಲಿಯಾಗುತ್ತೆ. ಅದರ ಜೊತೆಗೆ ಕಾಫಿ, ಟೀ, ಸಿಂಕೋನಾ ತೋಟಕ್ಕಾಗಿ ಶೋಲಾ ಕಾಡು ಬೋಳಾಗುತ್ತಿತ್ತು. ಶೋಲಾಗಳ ನಡುವಿನ ಹುಲ್ಲುಗಾವಲು ಇಂಗ್ಲಿಷರ ಕಣ್ಣಿಗೆ ಬರೀ ಪಾಳು ಜಾಗ, ಅಲ್ಲಿ ನೀಲಗಿರಿ ಮರ, ವಾಟಲ್ ಮರ ನೆಟ್ಟರು. ಆ ಹುಲ್ಲು ತೋದರ ಎಮ್ಮೆಗಳ ಹೊಟ್ಟೆ ತುಂಬಿಸುತ್ತಿತ್ತು, ಕಾಡಾಡುಗಳದ್ದೂ. ಅಂದಹಾಗೆ ಈ ಕಾಡಾಡನ್ನು ಅವರು ‘ಐಬೆಕ್ಸ್’ ಅಂತ ಕರೆದರು. ಅದು ಐಬೆಕ್ಸ್ ಅಲ್ಲವೇ ಅಲ್ಲ. ತಮಿಳರು ‘ವರೈಯಾಡು’ ಅಂತಾರೆ, ಬಂಡೆಯ ಆಡು ಅಂತ ಅರ್ಥ. ಯಾರ ಹೆಸರು ಸರಿ ಅಂತ ಬೇರೆ ಹೇಳಬೇಕಿಲ್ಲ.

ಪ್ರಾಣಿ ಕಡಿಮೆಯಾಗಿದ್ದು ಬೇಟೆಗಾರರ ಗಮನಕ್ಕೂ ಬಂತು. 1877ರಲ್ಲಿ ಊಟಿಯಲ್ಲಿ ನೀಲಗಿರಿ ಗೇಮ್ ಅಸೋಸಿಯೇಶನ್ ಹುಟ್ಟಿತು. ಎರಡೇ ವರ್ಷದಲ್ಲಿ, 1879ರಲ್ಲಿ, ನೀಲಗಿರಿಯ ಬೇಟೆ ಪ್ರಾಣಿ ಮತ್ತು ಮೀನುಗಳ ರಕ್ಷಣೆಗೆಂದೇ ಮದ್ರಾಸ್ ಸರ್ಕಾರದ ಕಾಯ್ದೆ ಬಂತು. ಬೇಟೆಗೆ ಲೈಸೆನ್ಸು. ಮರಿ ಹಾಕುವ ಕಾಲದಲ್ಲಿ ಬೇಟೆ ಬಂದ್. ಈಗ ಇದೆಲ್ಲ ನಮಗೆ ಸಾಮಾನ್ಯ ಅನ್ನಿಸುತ್ತೆ. ಆದರೆ ‘ಈ ತಿಂಗಳು ಕಾಡು ಕ್ಲೋಸ್’ ಅನ್ನುವ ಮಾತು ಕಾನೂನಿನ ಭಾಷೆಯಲ್ಲಿ ನಮ್ಮ ಕಡೆಯ ಬೆಟ್ಟಗಳಿಗೆ ಬಂದಿದ್ದು ಹೀಗೆ.

ಇಲ್ಲಿ ಸ್ವಲ್ಪ ನಿಲ್ಲಬೇಕು. 1877 ಅಂದರೆ ಯಾವ ವರ್ಷ? ನಮ್ಮ ಅಜ್ಜ-ಮುತ್ತಜ್ಜಂದಿರ ಲೆಕ್ಕದಲ್ಲಿ ಅದು ಧಾತು, ಈಶ್ವರ ಸಂವತ್ಸರಗಳ ಕಾಲ. ಧಾತು ಬರ ಅಂತ ಹಳ್ಳಿಗಳಲ್ಲಿ ಇವತ್ತಿಗೂ ಹೇಳುವ ಬರ ಅದೇ. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರ ಹೊತ್ತಿಗೆ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಹತ್ತು ವರ್ಷದಲ್ಲಿ ಹೆಚ್ಚಬೇಕಾದ ಸಂಖ್ಯೆ ಎಂಟು ಲಕ್ಷಕ್ಕೂ ಮಿಕ್ಕಿ ಕುಸಿದಿತ್ತು. ಬಯಲಲ್ಲಿ ಜನ ಗೆಡ್ಡೆ, ಸೊಪ್ಪು, ಹುಲ್ಲಿನ ಬೀಜ ಹುಡುಕಿಕೊಂಡು ಅಲೆಯುತ್ತಿದ್ದ ವರ್ಷವೇ ಬೆಟ್ಟದ ಮೇಲೆ ಬೇಟೆ ಪ್ರಾಣಿಗಳ ಸಂಘ ಆರಂಭವಾಯಿತು. ಒಂದಕ್ಕೊಂದು ಕಾರಣ ಅಂತ ನಾನು ಹೇಳುತ್ತಿಲ್ಲ. ಆದರೆ ಆ ಕಾಲದ ಬೇಟೆ ಪುಸ್ತಕಗಳನ್ನು ತಿರುವಿದರೆ, ಪ್ರಾಣಿ ಕಡಿಮೆಯಾಗಿದ್ದಕ್ಕೆ ಮತ್ತೆ ಮತ್ತೆ ಒಬ್ಬನನ್ನೇ ಬೈತಾರೆ: ಬಲೆ, ಉರುಲು, ಹಳೇ ಕೋವಿ ಹಿಡಿದು ಹೊಟ್ಟೆಗೋ ಸಂತೆಗೋ ಅಂತ ಬೇಟೆಯಾಡುವ ‘ನೇಟಿವ್’. ಒಂದೇ ಪ್ರಾಣಿಯನ್ನು ಗೋಡೆಗೆ ಕೊಂದರೆ ಅದು ಕ್ರೀಡೆ, ಒಲೆಗೆ ಕೊಂದರೆ ಅಪರಾಧ! ಈ ಎರಡು ಪದಗಳ ನಡುವೆ ಗೆರೆ ಎಳೆಯುವ ಕೆಲಸ ಆ ಕಾಯ್ದೆಯ ಕಾಲದಲ್ಲಿ ಶುರುವಾಯಿತು.

ರಕ್ಷಣೆ ಅಂದರೆ ಎಲ್ಲ ಪ್ರಾಣಿಗೂ ಅಂತ ತಿಳಿಯಬೇಡಿ. ಹುಲಿ, ಚಿರತೆಗೆ ರಕ್ಷಣೆ ಇರಲಿಲ್ಲ, ಕೊಂದವರಿಗೆ ಸರ್ಕಾರವೇ ಇನಾಮು ಕೊಡುತ್ತಿತ್ತು. ಕಾಡುನಾಯಿಯ ಗತಿಯಂತೂ ಇನ್ನೂ ಕೆಟ್ಟದ್ದು. ಸಾಹೇಬರು ಹೊಡೆಯಬೇಕಾದ ಜಿಂಕೆಯನ್ನು ಅದು ತಿನ್ನುತ್ತೆ ಅನ್ನೋದೇ ಅದರ ತಪ್ಪು.

ಮೈಸೂರಿನ ಕಡೆ ಒಬ್ಬ ಮಾತ್ರ ಸ್ವಲ್ಪ ಬೇರೆ ಮಾತಾಡಿದ. ಜಾರ್ಜ್ ಪೆರೆಸ್ ಸ್ಯಾಂಡರ್ಸನ್. ಬಂದಿದ್ದು ನೀರಾವರಿ ಇಲಾಖೆಯ ಕೆಲಸಕ್ಕೆ, ಆಗಿದ್ದು ಆನೆ ಹಿಡಿಯುವ ಅಧಿಕಾರಿ. ಕನ್ನಡ ಬಲ್ಲವನು, ಚಾಮರಾಜನಗರದ ಕಡೆ ಬಂಗಲೆ ಕಟ್ಟಿಕೊಂಡಿದ್ದವನು. 1874ರಲ್ಲಿ ಅಲ್ಲೇ ಹತ್ತಿರದಲ್ಲಿ ಐವತ್ತಕ್ಕೂ ಹೆಚ್ಚು ಆನೆಗಳನ್ನು ಒಂದೇ ಖೆಡ್ಡಾದಲ್ಲಿ ಕೆಡವಿದ. 1878ರಲ್ಲಿ ಬಂದ ಅವನ ಪುಸ್ತಕಕ್ಕೆ ‘ಭಾರತದ ಕಾಡುಪ್ರಾಣಿಗಳ ನಡುವೆ ಹದಿಮೂರು ವರ್ಷ’ ಅನ್ನುವ ಅರ್ಥದ ಹೆಸರು. ಅದನ್ನು ಆ ಕಾಲದ ಟ್ರಾವೆಲ್ ಗೈಡ್ ಅಂತಲೇ ಓದಬಹುದು. ಯಾವ ಬಂದೂಕು, ಎಂಥ ಟೆಂಟು, ಕ್ಯಾಂಪಿನಲ್ಲಿ ಏನೇನಿರಬೇಕು, ಎಲ್ಲಾ ಇದೆ. ಅದರಲ್ಲೇ ಅವನು ಹುಲಿಯ ಪರ ವಾದ ಮಾಡುತ್ತಾನೆ. ಹುಲಿ ಹಂದಿ-ಜಿಂಕೆಗಳನ್ನು ತಿಂದು ರೈತನ ಬೆಳೆ ಉಳಿಸುತ್ತೆ, ಅದನ್ನು ನಿರ್ನಾಮ ಮಾಡಬಾರದು ಅಂತ. ಹುಲಿ ಹೊಡೆಯುತ್ತಲೇ ಇದ್ದವನ ಬಾಯಲ್ಲಿ ಈ ಮಾತು ವಿಚಿತ್ರ ಅನ್ನಿಸಬಹುದು. ಆದರೆ ನಮ್ಮ ವನ್ಯಜೀವಿ ರಕ್ಷಣೆಯ ಇತಿಹಾಸದ ತುಂಬ ಇಂಥವರೇ ಇದ್ದಾರೆ.

ಸ್ಯಾಂಡರ್ಸನ್ ಪುಸ್ತಕದಲ್ಲಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರೂ ಬರುತ್ತಾರೆ. ಕಾಟಿಯ ಹೆಜ್ಜೆ ಬೆಳಗ್ಗಿನದೋ ನಿನ್ನೆ ರಾತ್ರಿಯದೋ ಅಂತ ಹುಲ್ಲು ನೋಡಿ ಹೇಳುವವರು ಅವರು. ನೀಲಗಿರಿಯಲ್ಲಿ ಈ ಕೆಲಸ ಇರುಳರದ್ದು, ಕುರುಬರದ್ದು. ಕಬಿನಿಯ ಕಾಕನಕೋಟೆಯ ಕಡೆ ಜೇನುಕುರುಬರದ್ದು. ಸಾಹೇಬರ ಇಡೀ ಪ್ಲಾನು ನಿಂತಿದ್ದು ಇವರ ಕಣ್ಣಿನ ಮೇಲೆ. ನೀಲಗಿರಿಯ ಬಡಗರ ಭಾಷೆ ನಮ್ಮ ಕನ್ನಡದ ತೀರಾ ಹತ್ತಿರದ ನೆಂಟ, ಸೋಲಿಗರ ನುಡಿಯೂ ಹಾಗೇ. ಅಂದರೆ ಈ ಬೆಟ್ಟಗಳಲ್ಲಿ ‘ಅಗೋ ಅಲ್ಲಿ’ ಅಂತ ಪಿಸುಗುಟ್ಟಿದ್ದು ಬಹುಪಾಲು ಕನ್ನಡದಲ್ಲೋ ಕನ್ನಡದ ತಂಗಿ ಭಾಷೆಗಳಲ್ಲೋ.

ಹಾಗಂತ ಅವರಿಗೆ ಪ್ಲಾನಿನಲ್ಲಿ ಪಾಲು ಇತ್ತಾ? ದಿನಗೂಲಿ ಇತ್ತು, ಒಳ್ಳೆ ಕೊಂಬು ಸಿಕ್ಕ ದಿನ ಬಕ್ಷೀಸು ಇತ್ತು. 1882ರ ಮದ್ರಾಸ್ ಅರಣ್ಯ ಕಾಯ್ದೆ, ಆಮೇಲೆ 1900ರ ಮೈಸೂರು ಅರಣ್ಯ ಕಾನೂನು, ಇವೆಲ್ಲ ಬಂದ ಮೇಲೆ ರಿಸರ್ವ್ ಫಾರೆಸ್ಟಿನೊಳಗೆ ಬೇಟೆ, ಮೀನು, ಬೇಸಾಯ, ಬೆಂಕಿ ಎಲ್ಲದಕ್ಕೂ ಇಲಾಖೆಯನ್ನೇ ಕೇಳಬೇಕು. ಹಗಲು ಸಾಹೇಬರ ಮುಂದೆ ನಡೆದರೆ ಅವನು ಶಿಕಾರಿ, ರಾತ್ರಿ ಅದೇ ದಾರಿಯಲ್ಲಿ ಒಬ್ಬನೇ ನಡೆದರೆ ಕಳ್ಳ. ಕೋವಿಯ ವಿಷಯದಲ್ಲಿ ದೊಡ್ಡ ವಿನಾಯಿತಿ ಸಿಕ್ಕಿದ್ದು ಕೊಡಗಿಗೆ. 1861ರಿಂದ ಕೊಡವರಿಗೆ ಶಸ್ತ್ರ ಲೈಸೆನ್ಸಿನ ಕಟ್ಟುಪಾಡು ಇರಲಿಲ್ಲ. ಪಕ್ಕದ ಬೆಟ್ಟದ ಕುರುಬನಿಗೆ ಆ ಭಾಗ್ಯ ಇಲ್ಲ.

ಇನ್ನು ಮೀನು. ಈ ಭಾಗ ನನಗೆ ಬಲು ಇಷ್ಟ, ಯಾಕಂದರೆ ಇದು ಮಂಗಳೂರಿನಿಂದ ಶುರುವಾಗುತ್ತೆ.

ಹೆನ್ರಿ ಸಲಿವನ್ ಥಾಮಸ್ ಅಂತ ಒಬ್ಬ ಐಸಿಎಸ್ ಅಧಿಕಾರಿ, ದಕ್ಷಿಣ ಕನ್ನಡದ ಕಲೆಕ್ಟರ್ ಆಗಿದ್ದವನು. 1870ರಲ್ಲಿ ದಕ್ಷಿಣ ಕನ್ನಡದ ಮೀನು ಸಾಕಣೆಯ ಬಗ್ಗೆ ಒಂದು ವರದಿ ಬರೆದ. ಮೂರು ವರ್ಷದ ನಂತರ ‘ದಿ ರಾಡ್ ಇನ್ ಇಂಡಿಯಾ’ ಅನ್ನುವ ಪುಸ್ತಕ ತಂದ, ಮೊದಲ ಮುದ್ರಣ ಮಂಗಳೂರಿನದ್ದೇ. ಗಾಳದ ಮೀನು ಬೇಟೆಗೆ ಬ್ರಿಟಿಷ್ ಇಂಡಿಯಾದಲ್ಲಿ ಅದು ಬೈಬಲ್ಲು. ಅವನ ಹೀರೋ ಮಹಶೀರ್. ಕಾವೇರಿ ಕಡೆಯವರ ಬಿಳಿಮೀನು, ಶೃಂಗೇರಿ-ಶಿಶಿಲದ ಭಕ್ತರಿಗೆ ದೇವರ ಮೀನು. ಗಾತ್ರಕ್ಕೆ ಗಾತ್ರ ಇಟ್ಟು ನೋಡಿದರೆ ಸ್ಕಾಟ್ಲೆಂಡಿನ ಸಾಲ್ಮನ್ ಕೂಡ ಮಹಶೀರ್‌ನಷ್ಟು ಸೆಣಸುವುದಿಲ್ಲ ಅಂತ ಅವನ ತೀರ್ಪು. ಒಬ್ಬ ಇಂಗ್ಲಿಷ್ ಗಾಳಗಾರನ ಬಾಯಲ್ಲಿ ಇದಕ್ಕಿಂತ ದೊಡ್ಡ ಹೊಗಳಿಕೆ ಬರೋದು ಕಷ್ಟ.

ಥಾಮಸ್‌ಗೆ ಸಿಟ್ಟಿದ್ದಿದ್ದು ಮೀನುಮರಿಗಳನ್ನು ಬಾಚುವ ಸಣ್ಣ ಕಣ್ಣಿನ ಬಲೆಗಳ ಮೇಲೆ, ನೀರಿಗೆ ವಿಷ ಬೆರೆಸುವವರ ಮೇಲೆ. ಮಲೆನಾಡಿನವರಿಗೆ ಗೊತ್ತಿರುತ್ತೆ, ಕಾರೆಕಾಯಿ ಅರೆದು ಮಡುವಿಗೆ ಹಾಕಿದರೆ ಮೀನು ಮತ್ತು ಬಂದು ಮೇಲೆ ತೇಲುತ್ತೆ. ಮೊದಲ ಮಳೆಗೆ ಹೊಳೆಯಿಂದ ಗದ್ದೆ ತೋಡಿಗೆ ಹತ್ತಿ ಬರುವ ಹತ್ತುಮೀನು ಹಿಡಿಯುವ ಸಂಭ್ರಮವೂ ಅವನ ಲೆಕ್ಕದಲ್ಲಿ ನಷ್ಟವೇ, ಅವು ಮೊಟ್ಟೆ ಇಡಲು ಹೊರಟ ಮೀನು. ಅವನ ಮಾತಿನಲ್ಲಿ ಹುರುಳಿಲ್ಲ ಅಂತ ಹೇಳಲಾರೆ. 1897ರಲ್ಲಿ ಇಂಡಿಯನ್ ಫಿಶರೀಸ್ ಆಕ್ಟ್ ಬಂದು ನೀರಿಗೆ ಡೈನಮೈಟ್, ವಿಷ ಹಾಕುವುದು ಅಪರಾಧವಾಯಿತು. ಡೈನಮೈಟ್ ತಂದವರು ಯಾರು ಅನ್ನೋದು ಬೇರೆ ಪ್ರಶ್ನೆ. ರಸ್ತೆ, ರೈಲು, ಗಣಿ ಕೆಲಸಗಳ ಜೊತೆ ಅದು ಊರೂರಿಗೆ ಬಂತು.

ಆದರೆ ಥಾಮಸ್ ಕಲೆಕ್ಟರ್ ಆಗಿದ್ದ ಅದೇ ಜಿಲ್ಲೆಯ ಶಿಶಿಲದಲ್ಲಿ, ದೇವಸ್ಥಾನದ ಮುಂದಿನ ಕಪಿಲಾ ಹೊಳೆಯಲ್ಲಿ, ಯಾವ ಕಾಯ್ದೆಯೂ ಇಲ್ಲದೆ ಮಹಶೀರ್‌ಗಳು ಆರಾಮವಾಗಿದ್ದವು. ಘಟ್ಟದ ಮೇಲೆ ಶೃಂಗೇರಿಯ ತುಂಗೆಯಲ್ಲೂ ಅಷ್ಟೆ. ಭಕ್ತರು ಅಕ್ಕಿ, ಪುರಿ ಹಾಕುತ್ತಾರೆ, ಮೀನು ಬಾಯಿ ಬಿಡುತ್ತೆ, ಯಾರೂ ಮುಟ್ಟಲ್ಲ. ಹೊಳೆಯ ಒಂದು ತುಣುಕನ್ನು ಮುಟ್ಟದೆ ಬಿಡೋದು ಹೇಗೆ ಅನ್ನೋದು ಇಲ್ಲಿನವರಿಗೆ ಗೊತ್ತಿತ್ತು. ಗಾಳದ ಪುಸ್ತಕಗಳಿಗೆ ಈ ದೇವರ ಮೀನು ಒಂದು ತಮಾಷೆಯ ವಿಷಯ, ಅದರಲ್ಲಿ ಮಾದರಿ ಇದೆ ಅಂತ ಅನ್ನಿಸಿದ್ದು ಕಡಿಮೆ.

ಬೆಟ್ಟದ ತುದಿಯ ತಣ್ಣನೆ ತೊರೆಗಳಲ್ಲಿ ದೊಡ್ಡ ಮೀನೇ ಇರಲಿಲ್ಲ. ಸಾಹೇಬರಿಗೆ ಅದೊಂದು ಕೊರತೆ. ಸರಿ, ತರಿಸೋಣ! ಮದ್ರಾಸ್ ಸೇನೆಯ ವೈದ್ಯ, ಮೀನು ತಜ್ಞ ಫ್ರಾನ್ಸಿಸ್ ಡೇ 1860ರ ದಶಕದಲ್ಲೇ ಟ್ರೌಟ್ ತರಲು ಒದ್ದಾಡಿದ. ಹಡಗಿನಲ್ಲಿ ಐಸ್ ಇಟ್ಟು, ಅದರಲ್ಲಿ ಮೊಟ್ಟೆ ಇಟ್ಟು, ಸಮುದ್ರ ದಾಟಿಸಿ, ಗಾಡಿಯಲ್ಲಿ ಬೆಟ್ಟ ಹತ್ತಿಸಬೇಕು. ಆಗಲಿಲ್ಲ. ಕೊನೆಗೆ ಎಚ್. ಸಿ. ವಿಲ್ಸನ್ ಅನ್ನುವವನು 1907ರ ಹೊತ್ತಿಗೆ ಅವಲಾಂಚಿಯಲ್ಲಿ ಟ್ರೌಟ್ ಮರಿ ಕೇಂದ್ರ ನಿಲ್ಲಿಸಿದ, ರೇನ್‌ಬೋ ಟ್ರೌಟ್ ನೀಲಗಿರಿಯ ತೊರೆಗಳಲ್ಲಿ ಒಗ್ಗಿಕೊಂಡಿತು. ಅದಕ್ಕೂ ಸೀಸನ್, ಅದಕ್ಕೂ ಲೈಸೆನ್ಸ್. ನಾಲ್ಕು ದಶಕ ಪ್ರಯತ್ನ ಮಾಡಿದ್ದು ರಜೆಯಲ್ಲಿ ಊರಿನ ಮೀನು ಹಿಡಿಯಬೇಕು ಅನ್ನುವ ಆಸೆಗೆ. ಮನುಷ್ಯ ರಜೆಗೆ ಎಷ್ಟು ಕಷ್ಟಪಡುತ್ತಾನೆ ನೋಡಿ.

ಮೈಸೂರಿನ ಅರಮನೆಗೂ ಈ ಪ್ಲಾನು ಚೆನ್ನಾಗಿ ಒಗ್ಗಿತು. ವೈಸರಾಯ್, ರಾಜಕುಮಾರ ಯಾರೇ ಬಂದರೂ ಕಾಕನಕೋಟೆಯ ಖೆಡ್ಡಾ ತೋರಿಸುವುದು ಸಂಸ್ಥಾನದ ರಾಜತಾಂತ್ರಿಕತೆ. 1906ರಲ್ಲಿ ಬಂದ ವೇಲ್ಸ್ ರಾಜಕುಮಾರ, ಮುಂದೆ ಐದನೇ ಜಾರ್ಜ್ ಆದವನು, ಅಲ್ಲಿ ಅತಿಥಿ. ಬೇಟೆ ಮುಗಿದ ಮೇಲೆ ಚರ್ಮ ಹೋಗುತ್ತಿದ್ದಿದ್ದು ಮೈಸೂರಿನ ವ್ಯಾನ್ ಇಂಗೆನ್ ಕಾರ್ಖಾನೆಗೆ. 1900ರ ಸುಮಾರಿಗೆ ಶುರುವಾಗಿ 1999ರಲ್ಲಿ ಮುಚ್ಚುವವರೆಗೆ ಅಲ್ಲಿ ತಯಾರಾದ ಹುಲಿ, ಚಿರತೆಗಳ ಸಂಖ್ಯೆ ನಲವತ್ತು ಸಾವಿರಕ್ಕೂ ಹೆಚ್ಚು. ಈ ಅಂಕಿಯನ್ನು ಇನ್ನೊಮ್ಮೆ ಓದಿ. ಒಂದು ಊರು, ಒಂದು ಕುಟುಂಬದ ಕಾರ್ಖಾನೆ. ಇವತ್ತು ಇಡೀ ದೇಶದ ಕಾಡುಗಳಲ್ಲಿರುವ ಹುಲಿಗಳ ಸಂಖ್ಯೆ ಕೆಲವೇ ಸಾವಿರ. ಇದೇ ಕುಟುಂಬದ ಡಿ ವೆಟ್ ವ್ಯಾನ್ ಇಂಗೆನ್ 1946ರಲ್ಲಿ ಕಬಿನಿಯಲ್ಲಿ 120 ಪೌಂಡಿನ ಮಹಶೀರ್ ಎಳೆದ, ಅಂದರೆ 54 ಕಿಲೋ. ಒಬ್ಬ ಆಳಿನ ತೂಕ.

ಇದೆಲ್ಲ ಓದಿ ಬೇಟೆಗಾರರನ್ನು ಬರೀ ವಿಲನ್ ಮಾಡಿಬಿಡೋಣ ಅಂದರೆ ಇತಿಹಾಸ ಅಷ್ಟು ಸಲೀಸಾಗಿ ಬಗ್ಗಲ್ಲ. ಮುನ್ನಾರಿನ ಟೀ ತೋಟಗಾರರು ಇರವಿಕುಲಂ ಬೆಟ್ಟಗಳನ್ನು ತಮ್ಮ ಬೇಟೆ ತಾಣವಾಗಿ ಕಾಪಾಡಿಕೊಂಡರು, 1928ರಲ್ಲಿ ಅದಕ್ಕೊಂದು ಸಂಘವನ್ನೂ ಕಟ್ಟಿಕೊಂಡರು. ಕಾವಲಿಗೆ ಮುತ್ತುವ ಜನ. ಇವತ್ತು ಕಾಡಾಡುಗಳ ದೊಡ್ಡ ಹಿಂಡು ಉಳಿದಿರುವುದು ಅಲ್ಲೇ. ಬಂಡೀಪುರ ಮಹಾರಾಜರ ಬೇಟೆಯ ಕಾಡು. 1931ರಲ್ಲಿ ಅಲ್ಲಿ ಸಣ್ಣದೊಂದು ಅಭಯಾರಣ್ಯ ಮಾಡಿದರು, ಹತ್ತು ವರ್ಷದ ನಂತರ ಅದು ಬೆಳೆದು ವೇಣುಗೋಪಾಲ ವನ್ಯಜೀವಿ ಪಾರ್ಕ್ ಆಯಿತು. ಬಿಳಿಗಿರಿಯ ಹೊನ್ನಮೇಟಿ ಕಾಫಿ ತೋಟದ ಆರ್. ಸಿ. ಮಾರಿಸ್ ಶಿಕಾರಿ, ಅದೇ ಕೈಯಲ್ಲಿ ಪ್ರಾಣಿಗಳ ಬಗ್ಗೆ ಟಿಪ್ಪಣಿ ಬರೆದು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಗೆ ಕಳಿಸುತ್ತಿದ್ದವನು. ನಮ್ಮ ಬೆಂಗಳೂರಿನ ಕೆನೆತ್ ಆ್ಯಂಡರ್ಸನ್, ತೇಜಸ್ವಿಯವರ ‘ಕಾಡಿನ ಕಥೆಗಳು’ ಮೂಲಕ ನಮಗೆಲ್ಲ ಮನೆಯವನಾದ ಮನುಷ್ಯ, ವಿಮಾನ ಕಾರ್ಖಾನೆಯಲ್ಲಿ ಪ್ಲಾನಿಂಗ್ ವಿಭಾಗದ ಮ್ಯಾನೇಜರ್ ಆಗಿದ್ದ. ವಾರವಿಡೀ ಆಫೀಸಿನಲ್ಲಿ ಪ್ಲಾನಿಂಗು, ರಜೆ ಸಿಕ್ಕರೆ ಕಾರು ಹತ್ತಿ ಕಾಡಿಗೆ. ಬೆಂಗಳೂರಿನ ವೀಕೆಂಡ್ ಸಂಸ್ಕೃತಿಗೆ ಮೂಲಪುರುಷ ಬೇಕಿದ್ದರೆ ನನ್ನ ಮತ ಅವನಿಗೆ.

1970ರಲ್ಲಿ ಹುಲಿ ಬೇಟೆ ನಿಂತಿತು, 1972ರಲ್ಲಿ ವನ್ಯಜೀವಿ ಕಾಯ್ದೆ ಬಂತು. ಅವತ್ತೇ ಬೇಟೆ ಪೂರ್ತಿ ಮುಗಿಯಿತು ಅಂತ ಬಹಳ ಜನ ತಿಳಿದಿದ್ದಾರೆ. ಇಲ್ಲ, ಆ ಕಾಯ್ದೆಯಲ್ಲೂ ಕೆಲವು ಪ್ರಾಣಿಗಳಿಗೆ ಲೈಸೆನ್ಸ್ ಪದ್ಧತಿ ಉಳಿದಿತ್ತು. ಅದನ್ನು ಕಿತ್ತುಹಾಕಿದ್ದು 1991ರ ತಿದ್ದುಪಡಿ. ಕಾಕನಕೋಟೆಯ ಕೊನೆಯ ಖೆಡ್ಡಾ ನಡೆದಿದ್ದು 1971ರಲ್ಲಿ. 1980ರಲ್ಲಿ ರಾಜ್ಯ ಸರ್ಕಾರದ ಜಂಗಲ್ ಲಾಡ್ಜಸ್ ಹುಟ್ಟಿತು. ಮೊದಲ ಲಾಡ್ಜ್ ಎಲ್ಲಿ? ಕಬಿನಿ ದಂಡೆಯ ಕಾರಾಪುರದ ಹಳೇ ಬೇಟೆ ಬಂಗಲೆಯಲ್ಲಿ. ಅದನ್ನು ದಶಕಗಳ ಕಾಲ ನಡೆಸಿದ್ದು ಯಾರು? ಕರ್ನಲ್ ಜಾನ್ ವೇಕ್‌ಫೀಲ್ಡ್, ಹುಡುಗನಾಗಿದ್ದಾಗಲೇ ಹುಲಿ ಹೊಡೆದಿದ್ದ ಹಳೇ ಶಿಕಾರಿ. ಅದೇ ಬಂಗಲೆ, ಅದೇ ಬೆಳಗಿನ ಚಹಾ, ಅದೇ ಹೆಜ್ಜೆ ಗುರುತು ಓದುವ ಜನ. ‘ಏನು ಸಿಕ್ಕಿತು?’ ಅಂತ ಸಂಜೆ ಕೇಳಿಕೊಳ್ಳುವ ಪ್ರಶ್ನೆ ಕೂಡ ಅದೇ. ಸಫಾರಿಯಿಂದ ಬಂದವರು ‘ಹುಲಿ ಸಿಕ್ತು’ ಅಂತಲೇ ಹೇಳೋದು, ಗಮನಿಸಿದ್ದೀರಾ?

ಕಾವೇರಿಯಲ್ಲಿ ಗಾಳ ಇನ್ನೂ ಸ್ವಲ್ಪ ಕಾಲ ನಡೆಯಿತು. 1977–78ರಲ್ಲಿ ಇಂಗ್ಲೆಂಡಿನ ಮೂವರು ಯುವಕರು ಬಂದು, ಮುಗಿದೇ ಹೋಯಿತು ಅಂದುಕೊಂಡಿದ್ದ ದೈತ್ಯ ಮಹಶೀರ್ ಇನ್ನೂ ಇದೆ ಅಂತ ಜಗತ್ತಿಗೆ ತೋರಿಸಿದರು. ಭೀಮೇಶ್ವರಿ, ಗಾಳಿಬೋರೆ, ದೊಡ್ಡಮಾಕಳ್ಳಿಯಲ್ಲಿ ಕ್ಯಾಂಪುಗಳಾದವು. ಹಿಡಿದು, ತೂಗಿ, ಫೋಟೊ ತೆಗೆದು, ವಾಪಸ್ ನೀರಿಗೆ ಬಿಡುವ ನಿಯಮ. ಗಾಳಕ್ಕೆ ಸಿಕ್ಕಿಸುತ್ತಿದ್ದಿದ್ದು ನಮ್ಮ ರಾಗಿ ಮುದ್ದೆ, ಸಾವಿರಾರು ಪೌಂಡಿನ ಗೇರ್ ಹೊತ್ತು ತಂದ ವಿದೇಶಿಯರಿಗೆ ಅದನ್ನು ಹದವಾಗಿ ಬೇಯಿಸಿ ಕೊಡುತ್ತಿದ್ದವರು ಅಲ್ಲಿನ ಹಳ್ಳಿಯ ಹುಡುಗರು. ಅವರಲ್ಲಿ ಕೆಲವರು ಹಿಂದೆ ಬಲೆ, ಡೈನಮೈಟಿನಿಂದ ಮೀನು ಹಿಡಿಯುತ್ತಿದ್ದವರು. ಈಗ ಅವರೇ ಕಾವಲು. ಆದರೆ 2010ರ ಸುಮಾರಿಗೆ, ಅಭಯಾರಣ್ಯದೊಳಗೆ ಮೀನು ಹಿಡಿದು ಬಿಡೋದೂ ಬೇಟೆಯೇ ಅನ್ನುವ ವಾದ ಗೆದ್ದಿತು, ಕ್ಯಾಂಪುಗಳಲ್ಲಿ ಗಾಳ ನಿಂತಿತು.

ಆಮೇಲೆ ನಡೆದಿದ್ದು ಇನ್ನೂ ಕುತೂಹಲದ್ದು. ಗಾಳಿಬೋರೆ ಕ್ಯಾಂಪಿನ ಲಾಗ್‌ಬುಕ್ಕುಗಳನ್ನು ವಿಜ್ಞಾನಿಗಳು ತೆರೆದರು. 1998ರಿಂದ 2012ರವರೆಗೆ, 23,620 ಗಂಟೆಗಳ ಗಾಳ, 6,161 ಮಹಶೀರ್. ಒಟ್ಟು ಸಂಖ್ಯೆ ಏರುತ್ತಾ ಹೋಗಿದೆ, ಖುಷಿ ಪಡೋಣ ಅನ್ನುವಷ್ಟರಲ್ಲಿ ಬೇರೆ ಸತ್ಯ ಕಂಡಿತು. ಏರಿದ್ದು ನೀಲಿ ರೆಕ್ಕೆಯ ಮಹಶೀರ್. ಅದು ಕಾವೇರಿಯ ಮೂಲನಿವಾಸಿ ಅಲ್ಲ. ನದಿಗೆ ಒಳ್ಳೆಯದಾಗಲಿ ಅಂತ 1970ರ ದಶಕದ ಕೊನೆಯಿಂದ ಮಹಾರಾಷ್ಟ್ರದ ಲೋನಾವಳದ ಮರಿ ಕೇಂದ್ರದಿಂದ ತಂದು ಬಿಟ್ಟ ಜಾತಿ. ಡುಬ್ಬದ ಬೆನ್ನಿನ ಅಸಲಿ ಕಾವೇರಿ ದೈತ್ಯ, ವ್ಯಾನ್ ಇಂಗೆನ್ ಹಿಡಿದಂಥ ಮೀನು, ಪುಟದಿಂದ ಪುಟಕ್ಕೆ ಕಾಣೆಯಾಗುತ್ತಾ ಹೋಗಿತ್ತು. ಅದಕ್ಕೊಂದು ವೈಜ್ಞಾನಿಕ ಹೆಸರು ಗಟ್ಟಿಯಾಗಿದ್ದೇ 2018ರಲ್ಲಿ, ಟಾರ್ ರೆಮಾದೇವಿ ಅಂತ. ಅದೇ ವರ್ಷ ಅಳಿವಿನ ತೀರಾ ಅಂಚಿನಲ್ಲಿರುವ ಪಟ್ಟಿಗೆ ಸೇರಿತು. ಇವತ್ತು ಅದು ಸಿಗುವ ಕೆಲವೇ ಜಾಗಗಳಲ್ಲಿ ಒಂದು, ಬಂಡೀಪುರ-ಮುದುಮಲೈ ನಡುವೆ ಹರಿಯುವ ಮೋಯಾರ್ ಹೊಳೆ. ಟ್ರೌಟ್ ಮರಿ ಬಿಟ್ಟ ಅದೇ ನೀಲಗಿರಿಯ ನೀರು ಅಲ್ಲಿಗೆ ಇಳಿದು ಬರುತ್ತೆ.

ಬಿಳಿಗಿರಿಯ ಕಥೆಗೆ ಬರೋಣ. 1974ರಲ್ಲಿ ಆ ಬೆಟ್ಟ ಅಭಯಾರಣ್ಯವಾಯಿತು. ಸೋಲಿಗರ ಬೇಸಾಯ ನಿಂತಿತು, ಪೋಡುಗಳು ಕಾಡಿನೊಳಗಿಂದ ರಸ್ತೆ ಬದಿಗೆ ಬಂದವು. ಬೇಸಿಗೆ ಆರಂಭದಲ್ಲಿ ಅವರು ಹಾಕುತ್ತಿದ್ದ ತರಗು ಬೆಂಕಿ, ಅಂದರೆ ನೆಲದ ಒಣ ಎಲೆ ಮಾತ್ರ ಸುಟ್ಟು ಆರಿಹೋಗುವ ಸಣ್ಣ ಬೆಂಕಿ, ಅದೂ ನಿಷೇಧ. ಈಗ ನೀವು ಅಲ್ಲಿ ಜೀಪಿನಲ್ಲಿ ಹೋದರೆ ಎರಡೂ ಬದಿ ಆಳೆತ್ತರ ಲಂಟಾನ. ಬೆಂಕಿ ನಿಂತಿದ್ದಕ್ಕೇ ಲಂಟಾನ ಹಬ್ಬಿತು ಅಂತ ಸೋಲಿಗರ ಹಿರಿಯರು ಹೇಳುತ್ತಾರೆ, ಅವರ ಮಾತನ್ನು ಗಂಭೀರವಾಗಿ ತೆಗೆದುಕೊಂಡ ಸಂಶೋಧಕರೂ ಇದ್ದಾರೆ. 2011ರ ಜನವರಿಯಲ್ಲಿ ಅದು ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಅರಣ್ಯ ಹಕ್ಕು ಕಾಯ್ದೆಯಡಿ ಸೋಲಿಗರ ಗ್ರಾಮಸಭೆಗಳಿಗೆ ಸಮುದಾಯದ ಹಕ್ಕುಪತ್ರ ಬಂತು. ಹುಲಿ ಕಾಡೊಂದರ ಒಳಗೆ ಇಂಥ ಹಕ್ಕು ದೇಶದಲ್ಲಿ ಅದೇ ಮೊದಲು. 2010 ಮತ್ತು 2014ರ ಎಣಿಕೆಗಳ ನಡುವೆ ಅಲ್ಲಿ ಹುಲಿ ಹೆಚ್ಚುಕಡಿಮೆ ಎರಡು ಪಟ್ಟಾಯಿತು.

ಆ ಕಾಯ್ದೆಯ ಪಠ್ಯದಲ್ಲಿ ಒಂದು ಸ್ವಾರಸ್ಯ ಇದೆ. ಕಾಡಿನ ಜನರ ಹಕ್ಕುಗಳ ಪಟ್ಟಿಯಲ್ಲಿ ಜೇನಿದೆ, ನೆಲ್ಲಿಕಾಯಿಯಂಥ ಕಿರು ಉತ್ಪನ್ನ ಇದೆ, ಮೇವಿದೆ, ಹೊಳೆಯ ಮೀನೂ ಇದೆ. ಪಟ್ಟಿಯ ಕೊನೆ ಹತ್ತಿರ, ತಲೆಮಾರುಗಳಿಂದ ನಡೆದು ಬಂದ ಬೇರೆ ಎಲ್ಲ ಹಕ್ಕೂ ಇರಲಿ ಅಂತ ಹೇಳಿ, ಒಂದನ್ನು ಮಾತ್ರ ಹೆಸರು ಹಿಡಿದು ತೆಗೆದಿದ್ದಾರೆ: ಬೇಟೆ.